ಮಲಿಕ್-ಎ-ಮೈದಾನ್ ಮತ್ತು ಅಜ್ಜನ ಬಂದೂಕು

ವಿಜಯಪುರಕ್ಕೆ ಬಂದವರೆಲ್ಲ ಮೊದಲು ಗೋಳಗುಮ್ಮಟಕ್ಕೆ ಓಡುತ್ತಾರೆ. ನೀವು ಬಂದಾಗ ಊರಿನ ಪಶ್ಚಿಮ ಭಾಗಕ್ಕೂ ಒಂದಿಷ್ಟು ಸಮಯ ಇಟ್ಟುಕೊಳ್ಳಿ. ತಿಕೋಟಾ ದಾಟಿ ಅಥಣಿಗೆ ಹೋಗುವ ರಸ್ತೆ ಹೊರಡುವುದು ಈ ಕಡೆಗೇ. ಇಬ್ರಾಹೀಮ್ ರೋಜಾ ಇರುವುದೂ ಇತ್ತಲೇ. ಅಲ್ಲಿಗೆ ಹೋಗುವ ಮುಂಚೆ ಹಳೆಯ ಕೋಟೆಗೋಡೆಯ ಶೇರ್ಜಾ ಬುರುಜನ್ನು ಹತ್ತಿರಿ. ಮೇಲೆ ಮಲಿಕ್-ಎ-ಮೈದಾನ್ ಇದೆ. ರಣರಂಗದ ಒಡೆಯ ಎಂದು ಅದರರ್ಥ.

1549ರಲ್ಲಿ ಅಹ್ಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಕರ್ಮಿ ಎರಕ ಹೊಯ್ದ ತೋಪು ಇದು. ಉದ್ದ 14 ಅಡಿಗೂ ಹೆಚ್ಚು, ತೂಕ ಸುಮಾರು 55 ಟನ್. ತೋಪಿನ ಬಾಯಿ ಸಿಂಹದ ಬಾಯಿ. ಅದರ ಹಲ್ಲುಗಳ ನಡುವೆ ನಜ್ಜುಗುಜ್ಜಾಗುತ್ತಿರುವ ಆನೆ. 1632ರಲ್ಲಿ ಪರಾಂಡಾ ಕೋಟೆಯಿಂದ ಇದನ್ನು ಇಲ್ಲಿಗೆ ತರಲು 10 ಆನೆ, 400 ಎತ್ತು, ನೂರಾರು ಆಳುಗಳು ಬೇಕಾದವೆಂದು ಹೇಳುತ್ತಾರೆ.

ನಿಜಾಮ್‌ಶಾಹಿಯ ತೋಪು ಆದಿಲ್‌ಶಾಹಿಯದಾಯಿತು. 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬ್ ಅದರ ಮೇಲೆ ತನ್ನ ವಿಜಯದ ಶಾಸನ ಕೆತ್ತಿಸಿದ. 1854ರಲ್ಲಿ ಆಂಗ್ಲರು ಹಳೆಯ ಸಾಮಾನಿನೊಂದಿಗೆ ಇದನ್ನೂ ಹರಾಜಿಗಿಟ್ಟರು. ಬಂದ ಬೆಲೆ ಬರೀ 150 ರೂಪಾಯಿ! ಜನರಿಗೆ ಈ ತೋಪಿನ ಮೇಲಿದ್ದ ಗೌರವ ತಿಳಿದ ಮೇಲೆ ಹರಾಜು ರದ್ದಾಯಿತು. ತೋಪು ಇದ್ದಲ್ಲೇ ಇದೆ. ಒಡೆಯರೆಂದವರೆಲ್ಲ ಮಣ್ಣು ಸೇರಿದರು.

ಓದುಗರೇ, ಈ ತೋಪನ್ನು ಕಾಯಲು ಪುರಾತತ್ವ ಇಲಾಖೆಯಿದೆ. ನಮ್ಮ ಕೆಲವು ಹಳೆಯ ಮನೆತನಗಳಲ್ಲಿ ಟ್ರಂಕಿನ ತಳದಲ್ಲೋ ಗೋಡೆಯ ಮೊಳೆಯಲ್ಲೋ ಉಳಿದಿರುವ ಅಜ್ಜನ ಬಂದೂಕನ್ನು ಯಾರು ಕಾಯಬೇಕು?

ಹಳೆಯ ಬಂದೂಕಿನ ಮೋಹ ದೊಡ್ಡದು. ಸಂಗ್ರಾಹಕರು ಹುಡುಕುವ ವಿಂಚೆಸ್ಟರ್ ರೈಫಲನ್ನೇ ನೋಡಿ. ಹಿಡಿಯ ಕೆಳಗಿನ ಲಿವರನ್ನು ಒಮ್ಮೆ ಮುಂದೆ ತಳ್ಳಿ ಹಿಂದೆ ಎಳೆದರೆ ಖಾಲಿ ತೋಟಾ ಹೊರಬಿದ್ದು ಇನ್ನೊಂದು ಒಳಗೆ ಕೂರುತ್ತದೆ. 1877ರಲ್ಲಿ ಪ್ಲೆವ್ನಾದಲ್ಲಿ ಉಸ್ಮಾನ್ ಪಾಷಾರ ತುರ್ಕಿ ಸೈನಿಕರು ಇದೇ ಬಗೆಯ ರೈಫಲ್‌ಗಳಿಂದ ರಶ್ಯನ್ ಸೇನೆಗೆ ಭಾರಿ ನಷ್ಟವುಂಟುಮಾಡಿದರು. ಆದರೂ ಡಿಸೆಂಬರ್‌ನಲ್ಲಿ ಪ್ಲೆವ್ನಾ ಬಿತ್ತು. ಆಯುಧದ ಮೇಲಿನ ಭರವಸೆಗೂ ಒಂದು ಮಿತಿಯಿದೆ.

ಹಳೆಯದೆಂಬ ಮಾತ್ರಕ್ಕೆ ಬಂದೂಕಿಗೆ ಲೈಸೆನ್ಸ್ ಬೇಡವೆಂದು ಅನೇಕರು ತಿಳಿದಿದ್ದಾರೆ. ಅದು ತಪ್ಪು. 1959ರ ಶಸ್ತ್ರಾಸ್ತ್ರ ಕಾಯ್ದೆ ವಿನಾಯಿತಿ ಕೊಡುವುದು, ದುರಸ್ತಿ ಮಾಡಿದರೂ ಗುಂಡು ಹಾರಿಸಲಾಗದ ಪುರಾತನ ಆಯುಧಕ್ಕೆ ಮಾತ್ರ. ಲೈಸೆನ್ಸ್ ಇದ್ದವರು ತೀರಿಕೊಂಡರೆ ವಾರಸುದಾರರು ಬಂದೂಕನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕು. ಬೇಕೆನಿಸಿದರೆ ತಮ್ಮ ಹೆಸರಿಗೆ ಲೈಸೆನ್ಸ್ ಕೋರಿ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಂತೆ, ವಾರಸಿನಲ್ಲಿ ಬಂದದ್ದೂ ಸೇರಿ, ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮದುವೆಯ ಸಂಭ್ರಮದಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ ಆಗಬಹುದು.

ಕಾನೂನಿಗಿಂತ ಎಷ್ಟೋ ಮೊದಲೇ ನಮಗೆ ಈ ಪಾಠ ಸಿಕ್ಕಿದೆ. ಬಾಣಗಳನ್ನು ಹಿಡಿದು ಮಸೀದಿ ಅಥವಾ ಪೇಟೆಯಲ್ಲಿ ಹೋಗುವವನು ಯಾರಿಗೂ ಗಾಯವಾಗದಂತೆ ಅವುಗಳ ಮೊನೆಗಳನ್ನು ಹಿಡಿದುಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದರು. ತಮಾಷೆಗೂ ಸಹೋದರನತ್ತ ಆಯುಧ ತೋರಿಸುವುದನ್ನು ತಡೆದರು. ಹಾಗಿರುವಾಗ, ಒಳಗೆ ತೋಟಾ ಇದೆಯೋ ಇಲ್ಲವೋ ತಿಳಿಯದ ಬಂದೂಕನ್ನು ಮಕ್ಕಳ ಕೈಗೆಟಕುವಂತೆ ಇಡುವುದು ಸರಿಯೇ? ಅದಕ್ಕಾಗಿ ಅಣ್ಣತಮ್ಮಂದಿರು ಜಗಳವಾಡುವುದು ಸರಿಯೇ?

ಮುಂದಿನ ರಜೆಯಲ್ಲಿ ಮಕ್ಕಳನ್ನು ಶೇರ್ಜಾ ಬುರುಜಿಗೆ ಕರೆದುಕೊಂಡು ಬನ್ನಿ. ಸಿಂಹದ ಬಾಯಿ ತೋರಿಸಿ, 150 ರೂಪಾಯಿಯ ಹರಾಜಿನ ಕಥೆ ಹೇಳಿ. ಮನೆಯಲ್ಲಿ ಅಜ್ಜನ ಬಂದೂಕು ಇದ್ದರೆ ಊರಿಗೆ ಮರಳಿದ ಮೇಲೆ ಅದರ ಕಾಗದಪತ್ರ ತೆಗೆದು ನೋಡಿ. ಅಜ್ಜ ಬಿಟ್ಟುಹೋದದ್ದು ಅಮಾನತ್ತು. ಅದರಿಂದ ಒಂದು ಜೀವಕ್ಕೂ ಕೇಡಾಗದಂತೆ ನೋಡಿಕೊಂಡರೆ ಅದರ ಹಕ್ಕು ತೀರಿಸಿದಂತೆ.