ಚಾಳೀಸು, ಮಾಸ್ಕು ಮತ್ತು ನಮ್ಮ ಕಾಕಾ

ಅಳ್ನಾವರ ಎಲ್ಲಿದೆ ಅಂತ ಬೆಂಗಳೂರಿನ ಗೆಳೆಯರು ಕೇಳಿದರೆ ನಾನು ಹೇಳೋದು ಇಷ್ಟೇ: ಧಾರವಾಡದಿಂದ ಗೋವಾ ಕಡೆ ರೈಲು ಹತ್ತಿದರೆ ಬಯಲು ಮುಗಿದು ಕಾಡು ಶುರುವಾಗೋ ಜಾಗ. ಲೋಂಡಾಕ್ಕಿಂತ ಮೊದಲು ಸಿಗೋ ಜಂಕ್ಷನ್ನು. ಅಲ್ಲಿ ನಮ್ಮ ಕಾಕಾನದೊಂದು ಸಣ್ಣ ಚಾಳೀಸಿನ ಅಂಗಡಿ. ನಮ್ಮ ಕಡೆ ಕನ್ನಡಕಕ್ಕೆ ಚಾಳೀಸು ಅಂತೀವಿ, ನಲವತ್ತಾದ ಮೇಲೆ ಬರೋದು ಅಂತ. (ಹದಿನಾರಕ್ಕೇ ಹಾಕ್ಕೊಂಡ ನನ್ನಂಥವರದಕ್ಕೂ ಅದೇ ಹೆಸರು :-))

ಕೊರೊನಾ ಕಾಲದ ಬಗ್ಗೆ ಎಲ್ಲರೂ ಬರೆದಾಯ್ತು... ಅಡುಗೆ, ಮನೆಯಿಂದ ಕೆಲಸ, ಮನೆಯಲ್ಲೇ ಕಟಿಂಗ್ ಮಾಡಿಸಿಕೊಂಡಿದ್ದು. ಚಾಳೀಸಿನ ಅಂಗಡಿ ಬಗ್ಗೆ ಯಾರೂ ಬರೆದದ್ದು ನಾನಂತೂ ನೋಡಿಲ್ಲ.

2020ರ ಮಾರ್ಚ್ 22ಕ್ಕೆ ಜನತಾ ಕರ್ಫ್ಯೂ, 25ರಿಂದ ಲಾಕ್‌ಡೌನ್. ಪ್ಯಾಸೆಂಜರ್ ರೈಲು ನಿಂತವು, ಬಸ್ಸೂ ನಿಂತವು. ಕಾಕಾನ ಹತ್ತಿರ ಯಾವಾಗಲೂ ತಯಾರಿರೋದು ಓದೋ ಚಾಳೀಸು ಮಾತ್ರ. ಉಳಿದ ನಂಬರಿನ ಗಾಜೆಲ್ಲ ಹುಬ್ಬಳ್ಳಿಯಿಂದ ಬರಬೇಕು. ಎಲ್ಲ ನಿಂತರೂ ಅಂಗಡಿ ಬಾಡಿಗೆ ಮಾತ್ರ ನಿಲ್ಲಲಿಲ್ಲ ನೋಡಿ! ಕಾಕೂನ ಎರಡು ಪಾಟ್ಲಿ ಬ್ಯಾಂಕಿಗೆ ಹೋದವು.

ಈ ವ್ಯಾಪಾರ ಮುಖಕ್ಕೆ ಮುಖ ಕೊಟ್ಟು ಮಾಡೋದು. ಗಿರಾಕಿ ಮೂಗಿನ ಮೇಲೆ ಟ್ರಯಲ್ ಫ್ರೇಮ್ ಇಟ್ಟು, ಗಾಜು ಬದಲಿಸುತ್ತಾ "ಈಗ ಛಲೋ ಕಾಣತದೋ, ಮೊದಲ ಛಲೋ ಇತ್ತೋ?" ಅಂತ ಕೇಳಬೇಕು. ಆರಡಿ ದೂರ ನಿಂತು ಅದನ್ನ ಮಾಡೋದು ಹೇಗೆ?

ಏಪ್ರಿಲ್‌ನಲ್ಲಿ ಓಣಿಯ ಹೊಲಿಗೆ ಅಕ್ಕಾರ ಫೋನು ಬಂತು. ಮೊಮ್ಮಗ ತುಳಿದು ಚಾಳೀಸಿನ ಒಂದು ಗಾಜು ಚೂರಾಗಿತ್ತು. ಕೈಯಲ್ಲಿ ಬಟ್ಟೆ ಮಾಸ್ಕಿನ ಆರ್ಡರು, ಆ ತಿಂಗಳು ಮನೆಗೆ ಅದೊಂದೇ ಗಳಿಕೆ. ಸೂಜಿಗೆ ದಾರ ಪೋಣಿಸೋಕೂ ಆಗವಲ್ದು. ನಂಬರಿನ ಚೀಟಿ ಎಲ್ಲೋ ಕಳೆದಿತ್ತು.

ಕಾಕಾ ವಿಡಿಯೋ ಕಾಲ್ ಮಾಡಿಸಿದ. "ಅಕ್ಕಾರ, ಉಳಿದ ಗಾಜಿನಾಗ ಹಾಯಿಸಿ ಕ್ಯಾಲೆಂಡರ್ ನೋಡ್ರಿ, ಚಾಳೀಸ ಮೆಲ್ಲಕ ಆಕಡೆ ಈಕಡೆ ಆಡಸ್ರಿ. ಅಕ್ಷರ ಯಾಕಡೆ ಓಡ್ತಾವ?" ಗಾಜು ಹೋದ ಕಡೆಗೆ ಉಲ್ಟಾ ಓಡಿದವು ಅಂದರು. ಹಾಗಾದರೆ ಪ್ಲಸ್ ನಂಬರು. (ಮೈನಸ್ ಆಗಿದ್ದರೆ ಗಾಜಿನ ಜೊತೆಗೇ ಓಡುತ್ತವೆ. ನಿಮ್ಮದನ್ನೂ ಈಗಲೇ ತೆಗೆದು ನೋಡಿ!) ಆಮೇಲೆ ಅಂಗಳಕ್ಕೆ ಕಳಿಸಿ, ಬಿಸಿಲಿಗೆ ಗಾಜು ಹಿಡಿಸಿ, ನೆಲದ ಮೇಲೆ ಸೂರ್ಯನ ಚುಕ್ಕೆ ತೀರಾ ಸಣ್ಣದಾದಾಗ ಗಾಜಿಗೂ ನೆಲಕ್ಕೂ ಎಷ್ಟು ಅಂತ ಅವರದೇ ಟೇಪಿನಿಂದ ಅಳತೆ ತೆಗೆಸಿದ. ಇಪ್ಪತ್ತು ಇಂಚಿಗೆ ಎಳೆ ಕಡಿಮೆ. ಅಂದರೆ 50 ಸೆಂಟಿಮೀಟರ್. ನೂರನ್ನ ಐವತ್ತರಿಂದ ಭಾಗಿಸಿದರೆ ಎರಡು, ನಂಬರು +2. ಎರಡೂ ಕಣ್ಣಿಗೆ ಒಂದೇ ನಂಬರು ಅನ್ನೋದು ಕಾಕಾನಿಗೆ ನೆನಪಿತ್ತು. ಮರುದಿನ ಬೆಳಿಗ್ಗೆ ಹಾಲಿನವನ ಸೈಕಲ್ ಮೇಲೆ +2ರ ಚಾಳೀಸು ಹೋಯಿತು. ಹತ್ತನೇ ತರಗತಿ ವಿಜ್ಞಾನದಲ್ಲಿ ನಾನೂ ಇದನ್ನ ಓದಿದ್ದೆ, ಮಾರ್ಕ್ಸಿಗಾಗಿ.

ಅಂಗಡಿ ತೆರೆದ ಮೇಲೆ ಬೇರೆ ತಾಪತ್ರಯ. ಒಬ್ಬರು ಹಾಕಿ ನೋಡಿದ ಫ್ರೇಮನ್ನ ಇನ್ನೊಬ್ಬರು ಮುಟ್ಟೋ ಹಾಗಿಲ್ಲ. ಸ್ಯಾನಿಟೈಸರ್ ಹಚ್ಚಿದರೆ ಕೆಲವು ಪ್ಲಾಸ್ಟಿಕ್ ಫ್ರೇಮು ಬೆಳ್ಳಗಾಗಿ ಕೆಡುತ್ತವೆ. ಹಾಗಾಗಿ ಒಂದು ಬುಟ್ಟಿ, ಸೋಪಿನ ನೀರು, ಒಣಗಿಸೋಕೆ ಹಳೇ ಪಂಚೆ. ಬಂದವರೆಲ್ಲರದೂ ಒಂದೇ ದೂರು, ಮಾಸ್ಕ್ ಹಾಕಿದರೆ ಗಾಜಿಗೆ ಮಂಜು. ಬಿಸಿ ಉಸಿರು ಮೇಲೆ ಹೋಗಿ ತಣ್ಣಗಿನ ಗಾಜಿಗೆ ಹನಿಯಾಗಿ ಕೂರುತ್ತೆ. ಸೋಪಿನ ನೀರಲ್ಲಿ ಅದ್ದಿ, ಒರೆಸದೇ ಆರಿಸಿದರೆ ಹನಿ ಕಟ್ಟೋಲ್ಲ. ಇಂಗ್ಲೆಂಡಿನ ಶಸ್ತ್ರವೈದ್ಯರ ಪತ್ರಿಕೆಯೊಂದರಲ್ಲಿ 2011ರಲ್ಲೇ ಇದು ಬಂದಿತ್ತಂತೆ. ಕಾಕಾ ಇದನ್ನ ಬಿಟ್ಟಿ ಹೇಳಿ ಕಳಿಸುತ್ತಿದ್ದ. ಮಂಜು ತಡೆಯೋ ಸ್ಪ್ರೇ ಇಟ್ಟು ಮಾರಬಹುದಿತ್ತಲ್ಲ ಅಂತ ಕಾಕೂ ಗೊಣಗುತ್ತಿದ್ದಳು.

ಶಾಲೆ ಮೊಬೈಲಿಗೆ ಬಂದಾಗ ಮಕ್ಕಳನ್ನ ಕರೆದುಕೊಂಡು ತಾಯಂದಿರು ಬಂದರು. ನೀಲಿ ಬೆಳಕು ತಡೆಯೋ ಗಾಜಿನ ಹುಚ್ಚು ಹತ್ತಿದ್ದು ಆಗಲೇ. ಕಾಕಾನಿಗೆ ಅದರಲ್ಲಿ ಒಳ್ಳೇ ಲಾಭವಿತ್ತು, ಪಾಟ್ಲಿ ಬೇರೆ ಬ್ಯಾಂಕಿನಲ್ಲಿದ್ದವು. ಕೇಳಿದವರಿಗೆ ಕೊಟ್ಟ, ಕೇಳದವರಿಗೆ ಹೇಳಲಿಲ್ಲ. "ಬಯಲಾಗ ಆಡಸ್ರಿ ಅಕ್ಕಾರ, ಮೊಬೈಲ್ ದೂರ ಹಿಡಸ್ರಿ" ಅಂತಿದ್ದ. ಆ ಗಾಜಿನಿಂದ ಕಣ್ಣಿನ ಆಯಾಸವೇನೂ ಕಡಿಮೆಯಾಗೋ ಹಾಗೆ ಕಾಣೋಲ್ಲ ಅಂತ 2023ರಲ್ಲಿ ಕಾಕ್ರೇನ್ ಸಂಸ್ಥೆಯ ಪರಿಶೀಲನೆ ಬಂತು. ಕಾಕಾನಿಗೆ ಓದಿ ಹೇಳಿದೆ. "ಹೌದೇನು" ಅಂದು ಗಾಜು ಒರೆಸೋದನ್ನ ಮುಂದುವರಿಸಿದ.

ಲೆನ್ಸ್‌ಕಾರ್ಟ್‌ನಂಥ ದೊಡ್ಡವರಿಗೆ ಆನ್‌ಲೈನ್ ಮೊದಲಿಂದಲೂ ಗೊತ್ತಿತ್ತು, 2010ರಿಂದ ಅದೇ ಕಸುಬು. ನಮ್ಮ ಕಾಕಾನ ಆನ್‌ಲೈನ್ ಅಂದರೆ ವಾಟ್ಸಾಪು ಮತ್ತು ಹಾಲಿನವನ ಸೈಕಲ್ಲು. 2021ರ ಎರಡನೇ ಅಲೆಯಲ್ಲಿ ಮತ್ತೆ ಬಾಗಿಲು ಹಾಕಿದಾಗ ಅಷ್ಟೊಂದು ಗಾಬರಿ ಬೀಳಲಿಲ್ಲ, ಹಳೇ ಗಿರಾಕಿಗಳ ನಂಬರೆಲ್ಲ ಒಂದು ನೋಟ್‌ಬುಕ್ಕಿಗೆ ಏರಿದ್ದವು. ಈಗಲೂ ಹಳಿಯಾಳ ಕಡೆಯವರು ಚೀಟಿಯ ಫೋಟೋ ಕಳಿಸುತ್ತಾರೆ. ಆದರೆ ಎರಡು ಪಾಪೆಗಳ ನಡುವಿನ ಅಂತರ ಮಾತ್ರ ಫೋಟೋದಲ್ಲಿ ಅಳೆಯೋಲ್ಲ ಕಾಕಾ, "ಒಮ್ಮೆ ಬಂದು ಹೋಗ್ರಿ" ಅಂತಾನೆ.

ಒಂದು ಪಾಟ್ಲಿ 2022ರ ದೀಪಾವಳಿಗೆ ಮನೆಗೆ ಬಂತು. ಇನ್ನೊಂದರ ಸುದ್ದಿ ಕಾಕೂ ಎದುರಿಗೆ ನಾವು ಯಾರೂ ಎತ್ತೋಲ್ಲ.

ನಿಮ್ಮೂರಿನ ಚಾಳೀಸಿನ ಅಂಗಡಿ ಏನಾಯ್ತು? ಗೊತ್ತಿದ್ದರೆ ಬರೀರಿ.