ಕೇಳುವವನೇ ಶ್ರಾವಕ

ಜೈನಾಗಮವು ಇಂದ್ರಿಯಗಳನ್ನು ಹೇಳುವಾಗ ಸ್ಪರ್ಶನ, ರಸನ, ಘ್ರಾಣ, ಚಕ್ಷುಗಳ ನಂತರ ಶ್ರೋತ್ರವನ್ನು ಕೊನೆಯಲ್ಲಿ ಇಡುತ್ತದೆ. ಪಂಚೇಂದ್ರಿಯ ಜೀವಕ್ಕೆ ಮಾತ್ರ ಕಿವಿಯುಂಟು. ಶ್ರಾವಕನೆಂದರೂ ಕೇಳುವವನೆಂದೇ ಅರ್ಥ. ಕೇಳಲಾರದ ಶ್ರಾವಕನ ಗತಿಯೇನು?

ಗುಬ್ಬಿಯ ಅಡಿಕೆ ವರ್ತಕರ ಮನೆತನವೊಂದರ ಹಿರಿಯರು ತುಮಕೂರಿನ ಬಳಿಯ ಮಂದರಗಿರಿಗೆ ಹೋದಾಗ ಪ್ರವಚನದ ಮುಂದಿನ ಸಾಲಿನಲ್ಲಿಯೇ ಕೂಡುತ್ತಿದ್ದರು. ಆದರೂ ಏನೊಂದೂ ತಿಳಿಯದೆ ಕೈಮುಗಿದು ಹಿಂದಿರುಗುತ್ತಿದ್ದರು. ಪರೀಕ್ಷೆಯಿಲ್ಲದೆ ಕೊಂಡುತಂದ ಶ್ರವಣಯಂತ್ರವು ಗದ್ದಲವನ್ನು ಹೆಚ್ಚಿಸಿತೇ ಹೊರತು ಮಾತನ್ನು ತಿಳಿಯಗೊಡಲಿಲ್ಲ. ಅದು ಪೆಟ್ಟಿಗೆ ಸೇರಿತು. ಕ್ರಮೇಣ ಮನೆಯವರು ಅವರೊಡನೆ ಮಾತನ್ನೇ ಕಡಿಮೆ ಮಾಡಿದರು.

ಇದನ್ನು ಕಂಡು ಬೆಳೆದ ಮೊಮ್ಮಗಳು, 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸೇರಿದಳು. 3 ವರ್ಷಗಳ ವ್ಯಾಸಂಗ, ಮತ್ತೊಂದು ವರ್ಷ ರೋಗಿಗಳ ನಡುವೆ ತರಬೇತಿ. ನಿಶ್ಶಬ್ದ ಕೋಣೆಯಲ್ಲಿ 250ರಿಂದ 8000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದೊಂದು ಕಿವಿಗೂ ಬೇರೆಬೇರೆಯಾಗಿ ಕೇಳಿಸಿ, ಎಷ್ಟು ಮೆಲುದನಿ ಕೇಳುವುದೆಂದು ಗುರುತಿಸುವುದನ್ನು ಅವಳು ಕಲಿತಳು. ಮುಪ್ಪಿನಲ್ಲಿ ಸಾಮಾನ್ಯವಾಗಿ ಎತ್ತರದ ಸ್ವರಗಳು ಮೊದಲು ಮಂಕಾಗುತ್ತವೆ. ಸಕಾರ, ಶಕಾರಗಳಂತಹ ವ್ಯಂಜನಗಳು ಅಳಿಸಿಹೋಗುವುದರಿಂದ ಧ್ವನಿ ಕೇಳಿದರೂ ಮಾತು ತಿಳಿಯದು. ಎಲ್ಲವನ್ನೂ ಒಂದೇ ಸಮನೆ ಜೋರು ಮಾಡಿದ ಅಜ್ಜನ ಯಂತ್ರವು ಸೋತ ಕಾರಣ ಅವಳಿಗೆ ಅಲ್ಲಿ ಅರಿವಾಯಿತು.

ಪದವಿಯ ನಂತರ ಮನೆಯಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದವು. ಅಮೆರಿಕದಲ್ಲಿ ಈ ವೃತ್ತಿಗೆ, ಪದವಿಯ ಮೇಲೆ ಸಾಮಾನ್ಯವಾಗಿ 4 ವರ್ಷಗಳ ಕ್ಲಿನಿಕಲ್ ಡಾಕ್ಟರೇಟ್ ಬೇಕು. ಅದನ್ನೇ ಮಾಡಲಿ ಎಂದರು ಕುಣಿಗಲ್ಲಿನ ಸೋದರಮಾವ. ನಮ್ಮ ದೇಶದಲ್ಲಿ ಈ ಪದವಿಯೂ ಪುನರ್ವಸತಿ ಪರಿಷತ್ತಿನ ನೋಂದಣಿಯೂ ಸಾಕು, ತುಮಕೂರಿನಲ್ಲಿ ಯಂತ್ರಗಳ ಅಂಗಡಿ ತೆರೆಯೋಣ ಎಂದರು ತಂದೆ.

"ಅಪ್ಪಾ, ಪರೀಕ್ಷಿಸುವವಳೂ ಮಾರುವವಳೂ ನಾನೇ ಆದರೆ, ಯಂತ್ರ ಬೇಡವೆಂದು ಹೇಳುವವರು ಯಾರು?" ಎಂದು ಮಗಳು ಕೇಳಿದಳು.

ತಂದೆ ಮೌನವಾದರು. ತೂಕ ಅಳತೆಗಳ ಮೋಸವು ಅಚೌರ್ಯಾಣುವ್ರತದ ಅತಿಚಾರವೆಂಬುದನ್ನು ಅಡಿಕೆಯ ತಕ್ಕಡಿ ಹಿಡಿದವರಿಗೆ ಹೇಳಿಕೊಡಬೇಕಿಲ್ಲ. ಶ್ರವಣವನ್ನು ಅಳೆಯುವ ಉಪಕರಣವೂ ಒಂದು ತಕ್ಕಡಿಯೇ. ಕೊನೆಗೆ ಅವಳು ತುಮಕೂರಿನಲ್ಲಿಯೇ ನೆಲೆಸಿದಳು. ಪರೀಕ್ಷೆಗೆ ಮಾತ್ರ ಶುಲ್ಕ, ಯಂತ್ರವು ಕೊಂಡ ಬೆಲೆಗೇ ಎಂಬ ನಿಯಮವನ್ನು ಸ್ವೀಕರಿಸಿದಳು.

ಅಜ್ಜನವರಿಗೆ ಈಗಲೂ ಎಲ್ಲವೂ ಕೇಳದು. ಎದುರು ಕುಳಿತು ನಿಧಾನವಾಗಿ ಆಡಿದ ಮಾತು ತಿಳಿಯುತ್ತದೆ. ಮನೆಯವರೂ ಹಾಗೆ ಮಾತನಾಡುವುದನ್ನು ಕಲಿತಿದ್ದಾರೆ.

ನಮ್ಮ ಬಸದಿಗಳ ಟ್ರಸ್ಟುಗಳು ಧ್ವನಿವರ್ಧಕಕ್ಕೆ ಧಾರಾಳವಾಗಿ ವೆಚ್ಚ ಮಾಡುತ್ತವೆ. ಚಾತುರ್ಮಾಸದಲ್ಲಿ ವೃದ್ಧರಿಗೆ ಒಂದು ದಿನ ಶ್ರವಣಪರೀಕ್ಷೆ ಏರ್ಪಡಿಸಿದರೆ ಅದು ಔಷಧದಾನ. ಪ್ರವಚನ ಅವರಿಗೆ ಕೇಳಿಸಿದರೆ ಅದೇ ಶಾಸ್ತ್ರದಾನ.