ಪರೀಕ್ಷೆಗೆ ಬಾರದ ಪ್ರಶ್ನೆ

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಗೆ ಪರಮಾಣು ರಚನೆಯ ಪಾಠ ಮಾಡುತ್ತಿದ್ದೆ. ಪ್ರೋಟಾನಿಗೆ ಧನ ಆವೇಶ, ಎಲೆಕ್ಟ್ರಾನಿಗೆ ಋಣ ಆವೇಶ, ನ್ಯೂಟ್ರಾನಿಗೆ ಯಾವುದೂ ಇಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಏನೂ ಇಲ್ಲದ್ದು ಯಾತಕ್ಕೆ ಉಪಯೋಗ ಸಾರ್?" ಎಂದ. ತರಗತಿಯೆಲ್ಲ ನಕ್ಕಿತು. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದೆ. ನಿಜ ಹೇಳಬೇಕೆಂದರೆ ನನಗೇ ಗೊತ್ತಿರಲಿಲ್ಲ. ಬಿ.ಎಸ್ಸಿ.ಯಲ್ಲಿ ನಾನು ಓದಿದ ನ್ಯೂಟ್ರಾನ್ ಎಂದರೆ 1932ರಲ್ಲಿ ಚಾಡ್ವಿಕ್ ಕಂಡುಹಿಡಿದದ್ದು, ಯುರೇನಿಯಂ ಒಡೆಯುವಂಥದ್ದು, ಅಷ್ಟೆ. ಆ ಹುಡುಗ ಮತ್ತೆ ಪ್ರಶ್ನೆ ಕೇಳಿದ್ದು ನೆನಪಿಲ್ಲ.

ಹೋದ ವರ್ಷ ಮನೆಯ ಗೇಟು ಜೋತುಬಿದ್ದು ವೆಲ್ಡಿಂಗ್ ಅಂಗಡಿಗೆ ಹೋದೆ. ಕಪ್ಪು ಕನ್ನಡಕ ತೆಗೆದು "ನಮಸ್ಕಾರ ಸಾರ್" ಎಂದವನು ಅವನೇ. ಹೊಸ ಪಟ್ಟಿಯನ್ನು ಮೊದಲು ಅಲ್ಲಲ್ಲಿ ಚುಕ್ಕೆ ಚುಕ್ಕೆಯಾಗಿ ಬೆಸೆದ. ಒಂದೇ ಸಲಕ್ಕೆ ಉದ್ದಕ್ಕೂ ಬೆಸೆಯಬಾರದೇನಪ್ಪ ಎಂದೆ. "ಬಿಸಿಯಾದದ್ದು ಆರುವಾಗ ಎಳೀತದೆ ಸಾರ್, ಫ್ರೇಮೇ ಸೊಟ್ಟ ಆಗ್ತದೆ. ಕೆಲವು ಸಲ ಮೇಲೆ ನೆಟ್ಟಗೇ ಕಾಣ್ತದೆ, ಒಳಗಿನ ಎಳೆತ ಇದ್ದೇ ಇರ್ತದೆ. ಯಾವಾಗಲೋ ಬಿರುಕು ಬಿಡ್ತದೆ. ಅದೇನು ಕಣ್ಣಿಗೆ ಕಾಣೋದಾ?"

ಕಾಣುವಂತೆ ಮಾಡುವವರಿದ್ದಾರೆ. ಅಷ್ಟು ಹೊತ್ತಿಗೆ ನಾನೂ ಸ್ವಲ್ಪ ಓದಿಕೊಂಡಿದ್ದೆ. ಸ್ಟೂಲ್ ಎಳೆದು ಕೂತು ಹೇಳತೊಡಗಿದೆ.

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರಿನಲ್ಲಿ ಐಸಿಸ್ ಎಂಬ ನ್ಯೂಟ್ರಾನ್ ಕೇಂದ್ರವಿದೆ. 1984ರ ಡಿಸೆಂಬರಿನಲ್ಲಿ ಅಲ್ಲಿ ಮೊದಲ ನ್ಯೂಟ್ರಾನುಗಳು ಹೊರಟವು. (ಆಕ್ಸ್‌ಫರ್ಡ್ ಬಳಿ ಥೇಮ್ಸ್ ನದಿಗೂ ಅದೇ ಹೆಸರು.) ಅದು ಪರಮಾಣು ರಿಯಾಕ್ಟರ್ ಅಲ್ಲ, ವೇಗವರ್ಧಕವನ್ನು ನಿಲ್ಲಿಸಿದರೆ ನ್ಯೂಟ್ರಾನುಗಳ ಹುಟ್ಟೂ ನಿಲ್ಲುತ್ತದೆ. 163 ಮೀಟರ್ ಸುತ್ತಳತೆಯ ಉಂಗುರದಲ್ಲಿ ಪ್ರೋಟಾನುಗಳನ್ನು ಓಡಿಸಿ, ಬೆಳಕಿನ ವೇಗದ ಶೇಕಡ 84ರಷ್ಟಕ್ಕೆ ತಂದು, ಸೆಕೆಂಡಿಗೆ 50 ಸಲ ಗುಂಪು ಗುಂಪಾಗಿ ಹೊರಬಿಡುತ್ತಾರೆ. ಅವು ಟಂಗ್‌ಸ್ಟನ್ನಿಗೆ ಅಪ್ಪಳಿಸಿದಾಗ ಒಂದೊಂದು ಪ್ರೋಟಾನಿಗೂ ಸುಮಾರು 15 ನ್ಯೂಟ್ರಾನುಗಳು ಸಿಡಿಯುತ್ತವೆ. ಅವುಗಳ ವೇಗ ವಿಪರೀತ. ನೀರು, ಬಹಳ ತಣ್ಣಗಿನ ದ್ರವ ಮೀಥೇನ್ ಇಂಥವುಗಳ ಮೂಲಕ ಹಾಯಿಸಿ ನಿಧಾನಗೊಳಿಸುತ್ತಾರೆ.

ಅಲ್ಲಿ ಎಂಜಿನ್-ಎಕ್ಸ್ ಎಂಬ ಉಪಕರಣವಿದೆ. ಬೆಸುಗೆ ಹಾಕಿದ ಉಕ್ಕು, ವಿಮಾನದ ರೆಕ್ಕೆಯ ಭಾಗ ಮುಂತಾದವನ್ನು ಕತ್ತರಿಸದೆಯೇ ಇಟ್ಟು ನೋಡುತ್ತಾರೆ. ಆವೇಶವಿಲ್ಲದ್ದರಿಂದಲೇ ನ್ಯೂಟ್ರಾನನ್ನು ಎಲೆಕ್ಟ್ರಾನುಗಳ ಮೋಡ ತಡೆಯುವುದಿಲ್ಲ. ಉಕ್ಕಿನೊಳಗೆ ಕೆಲವು ಸೆಂಟಿಮೀಟರ್ ಹೊಕ್ಕು ಹೊರಬರುತ್ತದೆ. ಲೋಹದಲ್ಲಿ ಪರಮಾಣುಗಳು ಪದರ ಪದರವಾಗಿ ಕೂತಿರುತ್ತವೆ. ಎಳೆತವಿದ್ದ ಕಡೆ ಎಳೆದ ದಿಕ್ಕಿನಲ್ಲಿ ಪದರಗಳ ನಡುವಿನ ಅಂತರ ಕೂದಲೆಳೆಗಿಂತಲೂ ಎಷ್ಟೋ ಪಾಲು ಸೂಕ್ಷ್ಮವಾಗಿ ಹಿಗ್ಗಿರುತ್ತದೆ. ಆ ಅಂತರಕ್ಕೆ ತಕ್ಕ ತರಂಗದ ನ್ಯೂಟ್ರಾನುಗಳು ಮಾತ್ರ ಪಕ್ಕಕ್ಕೆ ತಿರುಗಿ ಪತ್ತೆಕಾರಕಕ್ಕೆ ಬೀಳುತ್ತವೆ. ಯಾವ ತರಂಗವೆಂದು ತಿಳಿಯುವುದು ಓಟದ ಪಂದ್ಯದ ಹಾಗೆ: ಎಲ್ಲವೂ ಒಂದೇ ಗಳಿಗೆಗೆ ಹೊರಟು ಸುಮಾರು 50 ಮೀಟರ್ ಓಡುತ್ತವೆ. ಸೆಕೆಂಡಿಗೆ 2,200 ಮೀಟರ್ ವೇಗದ ನ್ಯೂಟ್ರಾನಿಗೆ ಸೆಕೆಂಡಿನ ಸಾವಿರದ 23 ಭಾಗ ಸಾಕು. ತಡವಾಗಿ ಬಂದದ್ದರ ತರಂಗ ಉದ್ದ. ಬಂದ ಹೊತ್ತು ಅಳೆದರೆ ಅಂತರ ಸಿಕ್ಕಿತು, ಅಂತರದಿಂದ ಎಳೆತ.

"ನೀನು ಅವತ್ತು ಕೇಳಿದ್ದೆಯಲ್ಲ, ಅದರ ಉಪಯೋಗ ಇದು. ಅವತ್ತು ಗದರಿಸಬಾರದಿತ್ತು" ಎಂದೆ.

ಅವನಿಗೆ ನೆನಪಿತ್ತೋ ಇಲ್ಲವೋ, ನಕ್ಕ. ಎಲೆಕ್ಟ್ರೋಡ್ ಬದಲಿಸುತ್ತ, "ಟಂಗ್‌ಸ್ಟನ್ ಅಂದ್ರೆ ಟಿಗ್ ವೆಲ್ಡಿಂಗ್‌ಗೆ ಹಾಕೋ ಕಡ್ಡಿ ತಾನೆ? ಅಷ್ಟೊಂದು ಪೆಟ್ಟು ಬಿದ್ರೆ ಅದು ಕಾಯೋದಿಲ್ವಾ ಸಾರ್?" ಎಂದ.

ಕಾಯುತ್ತದೆ ಎಂದೆ. ಅದಕ್ಕೇ ತಟ್ಟೆಗಳಾಗಿ ಮಾಡಿ, ಟ್ಯಾಂಟಲಂ ಹೊದಿಸಿ, ನಡುನಡುವೆ ನೀರು ಹರಿಸುತ್ತಾರೆ. "ಟ್ಯಾಂಟಲಂ ಯಾಕೆ?" ಎಂದ. ನೀರಿಗೆ ಟಂಗ್‌ಸ್ಟನ್ ಸವೆಯದಿರಲಿ ಎಂದು. ಗೇಟಿನ ಕೆಲಸ ಮುಗಿಯುವಷ್ಟರಲ್ಲಿ ಇನ್ನೂ ನಾಲ್ಕು ಪ್ರಶ್ನೆ ಕೇಳಿದ. ಎರಡಕ್ಕೆ "ನೋಡಿ ಹೇಳ್ತೀನಪ್ಪ" ಎಂದು ಬಂದಿದ್ದೇನೆ.